ಹಿಟ್ಟಿನ ತಮ್ಮ, ರವೆಯ ಅಣ್ಣ

2004ರ ಮಾರ್ಚ್ 9, ಬೆಳಿಗ್ಗೆ ಎಂಟೂವರೆ. ರಬಕವಿಯ ನಮ್ಮ ಮನೆಯ ಕೈಮಗ್ಗದ ಕಂಬದಲ್ಲಿ ಹುಳು ಕೊರೆದ ಹದಿನಾಲ್ಕು ತೂತು ಎಣಿಸಿದೆ. ಅವ್ವ ಓಣಿಯ ಬಡಿಗ ಕಾಕಾನನ್ನು ಕರೆಸಿದಳು.

ಅವರ ಲೆಕ್ಕದಲ್ಲಿ ಮರ ಕೊರೆಯುವ ಹುಳುಗಳು ಅಣ್ಣತಮ್ಮಂದಿರು. "ತಮ್ಮ ಹಿಟ್ಟು ಬೀಸ್ತಾನ, ಅಣ್ಣ ರವಾ ಒಡೀತಾನ" ಎಂದು ಹೋದಲ್ಲೆಲ್ಲ ಹೇಳುವರು. ಉದುರಿದ ಪುಡಿ ನುಣ್ಣಗಿದ್ದು ತಮ್ಮನಾದರೆ ಮೇಲ್ಪದರ ಕೆತ್ತಿದರೆ ಸಾಕು. ತರಿತರಿಯಾಗಿದ್ದು ಅಣ್ಣನಾದರೆ ಕಂಬವನ್ನೇ ಬದಲಿಸಬೇಕು.

ನೆಲಕ್ಕೆ ಉದುರಿದ್ದ ಪುಡಿಯನ್ನು ಕಣ್ಣು ಮುಚ್ಚಿ ಬೆರಳಲ್ಲಿ ತಿಕ್ಕಿ, "ರವಾ. ಅಣ್ಣ ಬಂದಾನ" ಎಂದರು.

"ಕಂಬ ತಗದ್ರ ಮಗ್ಗಕ್ಕ ಉದ್ದಕ್ಕ ಬಿಗಿದ ಹಾಸಿನ ನೂಲೆಲ್ಲಾ ಕಡೀಬೇಕಾಕ್ಕೈತ್ರಿ ಕಾಕಾ! ಮದುವಿ ಸೀರಿ ಅರ್ಧಾ ಆಗೇತಿ" ಎಂದು ಅವ್ವ ಮಗ್ಗಕ್ಕೆ ಅಡ್ಡ ನಿಂತಳು.

ಗರಗಸ ಎತ್ತಿದ್ದ ಕಾಕಾ ಮತ್ತೆ ಕೂತು, ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡರು. ಮುಖ ಕಿವುಚಿದರು.

"ಥೂ! ನಿನ್ನ ನೂಲಿಗೆ ಹಚ್ಚಿದ ಗಂಜಿ ಒಣಗಿ ಉದರೇತಿ ಬೇ ಯಕ್ಕಾ!"

"ಅಣ್ಣನ ಊಟಾ ನೀವ ಉಂಡ್ರೇನ್ರಿ?" ಅವ್ವ ನಕ್ಕಳು.

ಆಮೇಲೆ ಕಾಕಾ ತೂತಿನ ಬಾಯಿಗೆ ಕಾಗದ ಹಿಡಿದು ಕಂಬ ತಟ್ಟಿದರು. ನುಣ್ಣನೆಯ ಹಿಟ್ಟು ಬಿತ್ತು. ಮೇಲ್ಪದರ ಕೆತ್ತಿದರು, ಎಂಟನೆಯ ದಿನ ಸೀರೆ ಮಗ್ಗದಿಂದ ಇಳಿಯಿತು.

ರವೆ ಒಡೆಯುವ ಆ ಅಣ್ಣನನ್ನು ಕಣ್ಣಾರೆ ಕಂಡವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಆತ ಎಷ್ಟು ದೊಡ್ಡವನೆಂದು ಕೇಳಿದಾಗಲೆಲ್ಲ ಕಾಕಾ ಬೇರೆ ಬೇರೆ ಬೆರಳು ತೋರಿಸುತ್ತಿದ್ದರು.