ಲಾಮರ್ಟ್ ಕೊಟ್ಟ ಬಾತುನಾಯಿ

ಲೇರ್ಡಮ್ ಪಟ್ಟಣದಲ್ಲಿ ಯಾಕೋಮಿನಳ ಟೋಪಿ ಅಂಗಡಿ ಗೊತ್ತಿಲ್ಲದ ಹೆಂಗಸಿರಲಿಲ್ಲ. ಗಂಡ ಎವರ್ಟ್ ಪುರಸಭೆಯಲ್ಲಿ ಹಿರಿಯ ಗುಮಾಸ್ತ. ಚರ್ಚಿನಲ್ಲಿ ಎರಡನೆಯ ಸಾಲಿನ ಬೆಂಚು ಅವರದು. ಡಾಕ್ಟರ ಹೆಂಡತಿಯೇ ಅವಳನ್ನು ಕಂಡರೆ ನಿಂತು ಮಾತಾಡಿಸುತ್ತಿದ್ದಳು. "ನಿಮ್ಮ ತಂದೆಯವರು ಏನು ಮಾಡ್ತಿದ್ರು?" ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು: "ಜಮೀನ್ದಾರರ ಕೆರೆ, ಕಾಡುಗಳ ಮೇಲ್ವಿಚಾರಕರಾಗಿದ್ರು."

ಮೇಲ್ವಿಚಾರಕರಂತೆ, ಮಣ್ಣಂಗಟ್ಟಿ! ಅವಳಪ್ಪ ಗೋವರ್ಟ್ ಬಾತು ಹಿಡಿಯುವವನು. ಮರದ ಪಾದರಕ್ಷೆ ಮೆಟ್ಟಿ, ಕಾಡಿನ ನಡುವಿನ ಕೊಳದಲ್ಲಿ ಕಾಡುಬಾತುಗಳನ್ನು ಬಲೆಗೆ ಕೆಡವಿ, ಸದ್ದಾಗದಂತೆ ಕತ್ತು ಮುರಿದು ಪೇಟೆಗೆ ಕಳಿಸುತ್ತಿದ್ದವನು. ಮನುಷ್ಯರ ವಾಸನೆ ಬಾತುಗಳ ಮೂಗಿಗೆ ಬಡಿಯಬಾರದೆಂದು ಆ ಕಸುಬಿನವರು ಒಣಗಿದರೆ ಸೌದೆಯಂತೆ ಉರಿಯುವ ಜವುಗುಮಣ್ಣಿನ ಹೊಗೆಯಾಡುವ ಹೆಂಟೆಯನ್ನು ಕೈಯಲ್ಲಿ ಹಿಡಿದೇ ಓಡಾಡುವುದು. ಆ ಹೊಗೆ ಬಟ್ಟೆಗೆ ಹತ್ತಿತೆಂದರೆ ಸಾಯುವತನಕ ಬಿಡುವುದಿಲ್ಲ. ಯಾಕೋಮಿನಳನ್ನು ಆಗ ಎಲ್ಲರೂ ಮಿನ ಎನ್ನುತ್ತಿದ್ದರು. ಶಾಲೆಯಲ್ಲಿ ಮಿನಳ ಪಕ್ಕ ಕೂರುವ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. "ಬಾತಿಗೆ ಮೋಸ ಮಾಡಿ ಹೊಟ್ಟೆ ಹೊರೆಯೋರು" ಎಂಬ ಮಾತೂ ಇತ್ತು. ಆ ನಾಚಿಕೆ ಅವಳ ಮೈಗೆ ಹೊಗೆಗಿಂತ ಗಟ್ಟಿಯಾಗಿ ಅಂಟಿಕೊಂಡಿತು.

ಆ ಕೆಲಸದಲ್ಲಿ ಅರ್ಧ ಪಾಲು ನಾಯಿಯದು. ಕೊಳದಿಂದ ಬಾಗಿ ಹೋಗುವ ಕಾಲುವೆ, ಅದರ ಮೇಲೆ ಬಲೆ, ದಂಡೆಯ ಉದ್ದಕ್ಕೂ ಓರೆಯಾಗಿ ನಿಲ್ಲಿಸಿದ ಜೊಂಡಿನ ತಡಿಕೆಗಳು. ಕೆಂಪು ಬಿಳುಪಿನ ಪುಟ್ಟ ಸ್ಪ್ಯಾನಿಯಲ್ ನಾಯಿ, ಕಿವಿಯ ತುದಿಯಲ್ಲಿ ಲೋಲಾಕಿನ ಹಾಗೆ ಕಪ್ಪು ಕೂದಲು. ಅದು ಒಂದು ತಡಿಕೆಯ ಹಿಂದಿನಿಂದ ಹೊರಬಂದು, ಬಿಳಿ ಬಾಲ ಬೀಸಿ, ಮುಂದಿನ ತಡಿಕೆಯ ಹಿಂದೆ ಮಾಯವಾಗಬೇಕು. ಬೊಗಳುವ ಹಾಗಿಲ್ಲ. 'ಏನಿದು?' ಎಂದು ಬಾತುಗಳು ಕುತೂಹಲಕ್ಕೆ ಹಿಂದೆಯೇ ಬಲೆಯೊಳಕ್ಕೆ ಈಜಿ ಬರುತ್ತವೆ. ಒಂದೊಂದು ಸುತ್ತು ಮುಗಿದಾಗಲೂ ಅಡಗಿ ನಿಂತ ಯಜಮಾನ ಒಂದು ಚೂರು ಚೀಸು ಕೊಡುತ್ತಾನೆ. ಅದು ಕೂಲಿ. ಭಿಕ್ಷೆಯಲ್ಲ.

ಗೋವರ್ಟ್ ತೀರಿಕೊಂಡಾಗ ಅವನ ನಾಯಿಯನ್ನು ಮಗಳು ಮನೆಗೆ ತರಲಿಲ್ಲ. ನೆಲಕ್ಕೆ ಹೊಸ ಜಮಖಾನ ಹಾಸಿದ್ದಳು. ಯಾರೋ ರೈತ ಅದನ್ನು ಕೊಂಡೊಯ್ದು ಸರಪಳಿ ಹಾಕಿದ, ಅದು ಅನ್ನ ನೀರು ಬಿಟ್ಟು ಸತ್ತಿತು. ಸುದ್ದಿ ಕೇಳಿದ ದಿನ ಮಿನ ಅಂಗಡಿಯ ಹಿಂದೆ ನಿಂತು ಅತ್ತಳು. ಗಂಡನಿಗೂ ಹೇಳಲಿಲ್ಲ.

ಆಮೇಲೆ ಯುದ್ಧ ಬಂತು, ಹಸಿವಿನ ಚಳಿಗಾಲ ಬಂತು. ಕೊಳಗಳು ಹೆಚ್ಚಿನವು ಮುಚ್ಚಿದವು, ನಾಯಿಗಳೂ ಮಾಯವಾದವು. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಡಾಕ್ಟರ ಹೆಂಡತಿ, ದೊಡ್ಡ ಊರಿಂದ ಬಂದ ಶ್ರೀಮತಿ ಟರ್ಲಿಂಡನ್, ಅಂಗಡಿಯಲ್ಲಿ ಟೋಪಿ ಹಾಕಿ ನೋಡುತ್ತ, "ಹಳೇ ಚಿತ್ರಗಳಲ್ಲಿ ದೊಡ್ಡ ಮನೆತನದವರ ಕಾಲ ಹತ್ರ ಒಂದು ಕೆಂಪು ನಾಯಿ ಇರುತ್ತಲ್ರೀ, ಈಗ ಎಷ್ಟು ಹುಡುಕಿದರೂ ಸಿಗಲ್ಲವಂತೆ" ಎಂದಳು. ಮಿನಳಿಗೆ ಅಷ್ಟು ಸಾಕಾಯಿತು. ಒಳಗೆ ಅಪ್ಪನ ನಾಯಿಯ ಕೊರಗು, ಹೊರಗೆ ಹೇಳಿಕೊಳ್ಳಲು ದೊಡ್ಡ ಮನೆತನ. ಸೈಕಲ್ ಹತ್ತಿ ಹಳ್ಳಿ ಹಳ್ಳಿ ಅಲೆದಳು. ಕೊನೆಗೆ ಒಡ್ಡಿನ ಕೆಳಗಿನ ಒಂದು ಮನೆಯ ಹಿತ್ತಿಲಲ್ಲಿ ಆ ಬಿಳಿ ಬಾಲ ಕಂಡಿತು.

ಅದು ಲಾಮರ್ಟನ ಮನೆ. ಅವಳಪ್ಪನ ಜೊತೆ ಬಾತು ಹಿಡಿದವನು. ಉಳಿದಿದ್ದ ಒಂದು ಕೊಳದಲ್ಲಿ ಕೆಲಸ ಮಾಡಿಕೊಂಡಿದ್ದು, ಮೊಣಕಾಲು ಕೆಟ್ಟು ಈಚೆಗಷ್ಟೇ ಕಸುಬು ಬಿಟ್ಟಿದ್ದ. ಹಿತ್ತಿಲ ಬಾಗಿಲಲ್ಲಿ ನಿಂತವಳನ್ನು ಕಣ್ಣು ಕಿರಿದು ಮಾಡಿ ನೋಡಿದ.

"ಯಾರದು? ಗೋವರ್ಟನ ಮಿನ ಅಲ್ವೇನೇ?"

"ಹೂಂ ಚಿಕ್ಕಪ್ಪ."

"ಮತ್ತೆ ತೆರಿಗೆ ವಸೂಲಿಗೆ ಬಂದವರ ಥರ ಯಾಕೆ ನಿಂತಿದ್ದೀಯ? ಒಳಗೆ ಬಾರೇ, ಕಾಫಿ ಆರುತ್ತೆ."

ಒಲೆಯ ಪಕ್ಕ ಕೂತು ಕಾಫಿ ಕುಡಿದರು. ನಾಯಿ ಬಂದು ಅವಳ ಪಾದದ ಮೇಲೆ ಗಲ್ಲ ಇಟ್ಟಿತು. ಹೆಸರು ಸಿಪ್.

"ಊರೂರಿಂದ ಬಂದು ಕೇಳಿದ್ರು ಕಣೇ. ಕೊಡಲ್ಲ ಅಂದೆ" ಎಂದ ಲಾಮರ್ಟ್. "ಇವಳು ಕೆಲಸ ಕಲಿತೋಳು. ಇವಳು ಏನು ಮಾಡ್ತಾಳೆ ಅನ್ನೋದು ಅರ್ಥ ಆಗೋ ಮನೆಗೇ ಹೋಗ್ಬೇಕು. ನಿನಗೆ ನಾನು ಹೇಳ್ಬೇಕಾ? ಇವಳ ಮುತ್ತಜ್ಜಿಗೆ ತಿದ್ದಿ ಬುದ್ಧಿ ಹೇಳಿದ್ದೇ ನಿಮ್ಮಪ್ಪ. ಕರ್ಕೊಂಡು ಹೋಗು."

ಮಿನ ನಾಯಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಆ ಖುಷಿಯಲ್ಲಿ, "ಬರೋ ತಿಂಗಳು ನನ್ನ ಹುಟ್ಟುಹಬ್ಬ ಚಿಕ್ಕಪ್ಪ, ನೀನು ಬರಲೇಬೇಕು" ಎಂದುಬಿಟ್ಟಳು. ನಾಲಿಗೆಗೆ ಎಲುಬಿಲ್ಲ ನೋಡಿ. ಅವನು ಅದನ್ನು ನಿಜವೆಂದೇ ನಂಬಿದ.

ಹುಟ್ಟುಹಬ್ಬದ ದಿನ ಬಂತು. ಕುರ್ಚಿಗಳನ್ನು ಕೋಣೆಯ ಸುತ್ತ ಸಾಲಾಗಿ ಇಟ್ಟಿದ್ದಳು. ಗೋಡೆಗೆ ಹೊಸ ಬಣ್ಣದ ಕಾಗದ ಅಂಟಿಸಿದ್ದರಿಂದ, ಕುರ್ಚಿಗಳ ಬೆನ್ನು ತಾಗದ ಹಾಗೆ ಹಿಂದೆ ಜಾಗ ಬಿಟ್ಟಿದ್ದಳು. ಬಂದವರು ಎಲ್ಲರ ಕೈ ಕುಲುಕಿ ಕೂತರು, ಕಾಫಿ ಬಂತು. ಬಿಸ್ಕತ್ತಿನ ಡಬ್ಬಿ ಒಂದು ಸುತ್ತು ಬಂತು, ತಲೆಗೊಂದು, ಮುಚ್ಚಳ ಬಿತ್ತು. ಟರ್ಲಿಂಡನ್ ನಾಯಿಯನ್ನು ಹೊಗಳಿದ್ದೇ ಹೊಗಳಿದ್ದು.

ಆಗ ಹಿತ್ತಿಲ ಬಾಗಿಲು ಸದ್ದಾಯಿತು. ಲಾಮರ್ಟ್! ಮದುವೆಗೆ ಹೊಲಿಸಿದ ಕರಿ ಕೋಟು, ಕೈಯಲ್ಲಿ ಹುಲ್ಲಿನಲ್ಲಿ ಸುತ್ತಿದ ಬಾತುಮೊಟ್ಟೆ, ಅವನ ಹಿಂದೆಯೇ ಆ ಹೊಗೆಯ ವಾಸನೆ.

ಮಿನ ಎದ್ದುಹೋಗಿ ಅವನಿಗೆ ಅಡ್ಡ ನಿಂತಳು. ಇವನು ಒಳಗೆ ಬಂದು 'ಗೋವರ್ಟನ ಮಗಳು' ಎಂದು ಒಂದು ಮಾತಾಡಿದರೆ ಮುಗಿಯಿತು, ಇಷ್ಟು ವರ್ಷದ ಮೇಲ್ವಿಚಾರಕ ನೀರುಪಾಲು.

"ಚಿಕ್ಕಪ್ಪ, ಒಳಗೆ ಬರೀ ಗದ್ದಲ. ಇಲ್ಲೇ ಕೂತ್ಕೋತೀಯಾ?" ಎಂದು ಪಿಸುಗುಟ್ಟಿದಳು.

"ಅಡುಗೆಮನೆಗಿಂತ ಜಾಗ ಬೇಕೇನೇ ನನಗೆ?" ಎಂದು ಅವನು ನಕ್ಕು ಕೂತ. ಅನುಮಾನವೇ ಪಡಲಿಲ್ಲ, ಪಾಪ.

ಆದರೆ ಸಿಪ್‌ಗೆ ಯಜಮಾನನ ವಾಸನೆ ಸಿಕ್ಕಿತ್ತು. ಹೊಗೆ ಬಂತೆಂದರೆ ಕೆಲಸ ಶುರು, ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಮೊದಲ ಕುರ್ಚಿಯ ಹಿಂದೆ ನುಗ್ಗಿತು, ಮುಂದೆ ಬಂತು, ಬಾಲ ಬೀಸಿತು, ಎರಡನೆಯ ಕುರ್ಚಿಯ ಹಿಂದೆ ಮಾಯವಾಯಿತು. ಹೀಗೆ ಒಂದೊಂದೇ ಕುರ್ಚಿ. ಹೊರಬಂದಾಗೆಲ್ಲ ಅಲ್ಲಿ ಕೂತವರ ಕೈಯತ್ತ ಮುಖವೆತ್ತಿ ಒಂದು ಕ್ಷಣ ನಿಲ್ಲುವುದು, ಏನೂ ಸಿಗದೆ ಮುಂದಕ್ಕೆ ಹೋಗುವುದು. ಒಂದು ಸಲವೂ ಬೊಗಳಲಿಲ್ಲ. ಅಪ್ಪ ನೋಡಿದ್ದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ, ಅಷ್ಟು ಅಚ್ಚುಕಟ್ಟಾದ ಕೆಲಸ. ಆ ಕೋಣೆಯಲ್ಲಿ ಅದು ಅರ್ಥವಾದದ್ದು ಮಿನ ಒಬ್ಬಳಿಗೇ.

"ಅಯ್ಯೋ ಯಾಕೋಮಿನ ಅವ್ರೇ! ನಿಮ್ಮ ದೊಡ್ಡ ಮನೆತನದ ನಾಯಿ ಮನೆ ಮನೆ ಭಿಕ್ಷೆಗೆ ಹೊರಟಿದೆಯಲ್ರೀ!" ಎಂದಳು ಟರ್ಲಿಂಡನ್. ಕುರ್ಚಿಗಳೆಲ್ಲ ನಕ್ಕವು.

ಮಿನಳ ಕಿವಿ ಕೆಂಪಾದವು. ಅಡುಗೆಮನೆಯ ಬಾಗಿಲು ತೆರೆದೇ ಇದೆಯೆಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟಳು.

"ಏನ್ಮಾಡೋದು ಹೇಳಿ. ಮುಂಚೆ ಇದ್ದ ಕಡೆ ಒರಟು ಜನ. ಹೊಟ್ಟೆಗೆ ಸರಿಯಾಗಿ ಹಾಕ್ತಿರ್ಲಿಲ್ಲ. ಅದಕ್ಕೇ ಈ ದರಿದ್ರ ಚಾಳಿ."

ಅಡುಗೆಮನೆಯಲ್ಲಿ ಕುರ್ಚಿ ಹಿಂದೆ ಸರಿದ ಸದ್ದಾಯಿತು. ಲಾಮರ್ಟ್ ಬಾಗಿಲಿಗೆ ಬಂದು ನಿಂತ. ಟೋಪಿ ಕೈಯಲ್ಲಿತ್ತು. ಈಗ ಹೇಳಿಬಿಡುತ್ತಾನೆ, ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎಂದುಕೊಂಡಳು ಮಿನ.

"ಅಮ್ಮಾವ್ರು ಹೇಳೋದು ನಿಜ" ಎಂದ ಅವನು, ಎಲ್ಲರನ್ನೂ ನೋಡುತ್ತ. "ನಾಯಿ ನಮ್ಮನೇದು. ಬಡವರು ನಾವು, ನೆಟ್ಟಗೆ ಸಾಕೋಕಾಗ್ಲಿಲ್ಲ. ಅಮ್ಮಾವ್ರು ದೊಡ್ಡ ಮನಸ್ಸು ಮಾಡಿ ತಗೊಂಡ್ರು. ಬರ್ತೀನಿ ಅಮ್ಮಾವ್ರೇ. ಮೊಟ್ಟೆ ಅಲ್ಲೇ ಇಟ್ಟಿದ್ದೀನಿ."

ಹೋದ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅವನು ಅವಳ ಸುಳ್ಳನ್ನು ತನ್ನ ಹೆಗಲಿಗೆ ಹಾಕಿಕೊಂಡು ಹೋದ. "ಎಷ್ಟು ವಿನಯದ ಮುದುಕ ಪಾಪ" ಎಂದಳು ಟರ್ಲಿಂಡನ್. ಮಿನ ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಹಾಕಿದಳು, ಒಂದಿಷ್ಟು ಜಮಖಾನದ ಮೇಲೆ ಚೆಲ್ಲಿತು.

ಎವರ್ಟ್ ಮಿತಭಾಷಿ. ಎಲ್ಲರೂ ಹೋದಮೇಲೆ, "ಅವನೂ ಒಂದು ಕುರ್ಚಿ ಮೇಲೆ ಕೂತಿದ್ರೆ ಏನಾಗ್ತಿತ್ತು ಮಿನ?" ಎಂದಷ್ಟೇ ಕೇಳಿದ. ಅವಳು ಕುರ್ಚಿಗಳನ್ನು ಒಂದೊಂದಾಗಿ ಎತ್ತಿಡುತ್ತ ಹೋದಳು.

ಭಾನುವಾರ ಚರ್ಚಿನ ಎರಡನೆಯ ಸಾಲು ಖಾಲಿಯಿತ್ತು. ಮಿನ ಸಿಪ್‌ಳನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಒಡ್ಡಿನ ಮೇಲೆ ಸೈಕಲ್ ತುಳಿಯುತ್ತಿದ್ದಳು. ಕಾಲಿಗೆ ಬೀಳುತ್ತೇನೆ, ಎಲ್ಲರ ಮುಂದೆ ನಿಜ ಹೇಳುತ್ತೇನೆ, ಬೈಸಿಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು. ಹಿತ್ತಿಲಿಗೆ ಹೋಗಿ ಬಾಗಿಲು ತಟ್ಟಿದಳು.

ಲಾಮರ್ಟ್ ಬಾಗಿಲು ಅರ್ಧ ತೆರೆದ. ಮುಖದಲ್ಲಿ ಸಿಟ್ಟಿಲ್ಲ, ಬರೀ ಗಡಿಬಿಡಿ.

"ಅಯ್ಯಯ್ಯೋ ಅಮ್ಮಾವ್ರೇ, ಈ ಕಡೆಯಿಂದ ಯಾಕೆ ಬಂದ್ರಿ? ಇಲ್ಲೆಲ್ಲ ಹೊಗೆ, ಕೆಸರು. ಮುಂದಿನ ಬಾಗಿಲಿಗೆ ಬನ್ನಿ, ತೆಗೀತೀನಿ."

"ಚಿಕ್ಕಪ್ಪ, ನಾನು ಮಿನ…"

"ಬನ್ನಿ ಬನ್ನಿ."

ನಮ್ಮ ಲೇರ್ಡಮ್ ಕಡೆಯ ಹಳ್ಳಿಗಳಲ್ಲಿ ಮುಂದಿನ ಬಾಗಿಲು ತೆರೆಯುವುದು ಮದುಮಗಳು ಬಂದರೆ, ಇಲ್ಲ ಹೆಣ ಹೊರಟರೆ. ಲಾಮರ್ಟನ ಹೆಂಡತಿ ತೀರಿಕೊಂಡ ಮೇಲೆ ಅದು ತೆರೆದೇ ಇರಲಿಲ್ಲ. ಮರ ಉಬ್ಬಿ ಕಚ್ಚಿಕೊಂಡಿತ್ತು. ಅವನು ಒಳಗಿನಿಂದ ಹೆಗಲು ಕೊಟ್ಟು, ಏದುಸಿರು ಬಿಡುತ್ತ ತಳ್ಳುವುದನ್ನು ಮಿನ ಹೊರಗೆ ನಿಂತು ಕೇಳಿದಳು. ಕೊನೆಗೂ ತೆರೆದ. ಸಿಪ್ ಅವನ ಕಾಲಿನ ನಡುವೆ ನುಸುಳಿ ಒಲೆಯ ಬಳಿಗೆ ಓಡಿತು.

ಅವಳನ್ನು ಮುಂದಿನ ಕೋಣೆಯಲ್ಲಿ ಕೂರಿಸಿದ. ಪಾದ್ರಿ ಬಂದರೆ ಕೂರುವ ಕುರ್ಚಿ, ಅದರ ಮೇಲಿನ ಬಿಳಿ ಬಟ್ಟೆ ತೆಗೆದು ತೋಳಿನಿಂದ ಒರೆಸಿದ. ಕೋಣೆ ಚಳಿಗೆ ಕೊರೆಯುತ್ತಿತ್ತು. ಹೂವಿನ ಅಂಚಿನ ಒಳ್ಳೆಯ ಬಟ್ಟಲಲ್ಲಿ ಕಾಫಿ ತಂದ, ಪಕ್ಕದಲ್ಲಿ ಬಿಸ್ಕತ್ತು.

"ನನ್ನನ್ನ ಕ್ಷಮಿಸು ಚಿಕ್ಕಪ್ಪ" ಎಂದಳು. ಬಾಯಿಪಾಠ ಮಾಡಿದ್ದರಲ್ಲಿ ಉಳಿದದ್ದು ಅಷ್ಟೇ.

"ಅದೇನ್ ಮಾತು ಅಮ್ಮಾವ್ರೇ. ದೊಡ್ಡೋರು ನೀವು, ನಮ್ಮಂಥೋರ ಮನೆ ತನಕ ಬಂದಿದ್ದೀರಿ. ಬಿಸಿ ಇದೆ, ಕುಡೀರಿ. ಒಲೆ ನೋಡ್ಬೇಕು, ಬಂದೆ."

ಹೋದವನು ಅಡುಗೆಮನೆಯಲ್ಲಿ ತನ್ನ ಬಟ್ಟಲಿಗೆ ಕಾಫಿ ಬಗ್ಗಿಸಿಕೊಂಡು ಕೂತ. ನಾಯಿಯ ಜೊತೆ ಏನೋ ಮಾತಾಡಿದ, ನಕ್ಕ. ಮಿನ ಬಟ್ಟಲು ಹಿಡಿದು ಕೇಳುತ್ತ ಕೂತಳು. ನಡುವಿನ ಬಾಗಿಲಿಗೆ ಚಿಲಕವೂ ಇರಲಿಲ್ಲ. ಎದ್ದು ಅಲ್ಲಿಗೆ ಹೋಗಲು ಅವಳಿಗೆ ಮುಖವಿರಲಿಲ್ಲ.