ಮೇವೆಂದು ಕೊಯ್ದ ಮರಗಳು

ಮೊದಲ ಬೆಳಿಗ್ಗೆ ಕಿಟಕಿ ತೆರೆದಾಗ ಮಂಜಿನೊಳಗೆ ಸಾಲುಸಾಲು ಕಂಬಗಳು ಕಂಡವು. ತಂತಿ ಇರಲಿಲ್ಲ. ಮಂಜು ಸರಿದ ಮೇಲೆ ಅವು ತಾಳೆಜಾತಿಯ ಮರಗಳೆಂದು ತಿಳಿಯಿತು. ನಮ್ಮೂರಿನ ಎರಡು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಅವುಗಳ ಗರಿ ಮುಟ್ಟುವುದು ಅನುಮಾನ.

ಇದು ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿರುವ ಕೊಕೋರಾ ಕಣಿವೆ. ಗಂಡನಿಗೆ ಇಲ್ಲಿನ ಕಾಫಿ ತೋಟದಲ್ಲಿ ಕೆಲಸ ಸಿಕ್ಕಿದ್ದರಿಂದ ಕ್ಯಾಸಂಬಳ್ಳಿಯಿಂದ ಬಂದೆ. ನಮ್ಮೂರಿಗೆ ಹತ್ತಿರದ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದೇ ಅಂಗಡಿಯ ಮುಂದೆ ಕನ್ನಡ, ತಮಿಳು, ತೆಲುಗು ಮೂರನ್ನೂ ಆಡಿ ಬೆಳೆದವಳು ನಾನು. ಇಲ್ಲಿ ಮೂರೂ ನಡೆಯಲಿಲ್ಲ; ಇವರದು ಸ್ಪ್ಯಾನಿಷ್. ಮನೆ ಬಾಡಿಗೆಗೆ ಕೊಟ್ಟವರು ದೋನ್ಯಾ ಎಲ್ವಿರಾ. ದೋನ್ಯಾ ಎಂದರೆ ನಮ್ಮ ‘ಅಮ್ಮೋರು’ ಇದ್ದಂತೆ. ದಿನವೂ ಬೆಳಿಗ್ಗೆ ಅರೇಪಾ, ಅಂದರೆ ಮುಸುಕಿನ ಜೋಳದ ದಪ್ಪ ರೊಟ್ಟಿ, ತಂದು ನನ್ನ ಕೈಗಿಡುತ್ತಿದ್ದರು.

ಮೂರನೆಯ ವಾರ ಅವರ ಹಸು ಕರು ಹಾಕಿತು. ಅವರು ಪೇಟೆಗೆ ಹೋಗಿದ್ದರು. ಹಿತ್ತಲಿನ ನೆರಳಲ್ಲಿ ಬೇಲಿಯೊಳಗೆ ಉದ್ದನೆಯ ಹಸಿರು ಎಲೆಗಳು ಹುಲುಸಾಗಿದ್ದವು. ನಮ್ಮಲ್ಲಿ ಬೇಲಿ ಕಟ್ಟಿ ಬೆಳೆಸಿದ ಹುಲ್ಲು ಎಂದರೆ ಕರೆಯುವ ಹಸುವಿಗೆ ಮೀಸಲು. ತಿಂದ ರೊಟ್ಟಿಯ ಋಣ ತೀರಲೆಂದು ಕುಡುಗೋಲು ತೆಗೆದುಕೊಂಡು ಪೂರ್ತಿ ಕೊಯ್ದು ಹಾಕಿದೆ. ಹಸು ಒಂದೆಳೆ ಬಿಡದೆ ತಿಂದಿತು.

ಹಿಂದಿರುಗಿದ ದೋನ್ಯಾ ಎಲ್ವಿರಾ ಬೇಲಿಯ ಬಳಿ ನೆಲಕ್ಕೆ ಕುಳಿತರು. ಕೊಯ್ದ ಬುಡಗಳನ್ನು ತೋರಿಸಿ, ಆಮೇಲೆ ಬೆಟ್ಟದ ಮೇಲಿನ ಮರಗಳನ್ನು ತೋರಿಸಿದರು. ಉಳಿದುದನ್ನು ಗಂಡ ಸಂಜೆ ವಿವರಿಸಿದ. ಅವು ಆ ಮರಗಳ ಸಸಿಗಳು. ಹುಲ್ಲುಗಾವಲಿನಲ್ಲಿ ಹುಟ್ಟಿದ ಸಸಿಯನ್ನು ದನ ತಿಂದುಬಿಡುತ್ತದೆ. ನಿಂತಿರುವವೆಲ್ಲ ಮುದಿ ಮರಗಳು, ಅವುಗಳ ಹಿಂದೆ ಮರಿಗಳಿಲ್ಲ. ಆಕೆ ಬೀಜದಿಂದ ನಾಲ್ಕು ವರ್ಷ ಸಾಕಿದ್ದರು.

ಮನೆ ಬಿಡಲು ಹೇಳುತ್ತಾರೆಂದು ಬಟ್ಟೆ ಮಡಿಸಿಟ್ಟೆ. ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅಲ್ಲಿ ಸಂಜೆ, ಹಾಲು ಕರೆಯುವ ಹೊತ್ತು.

“ಮೂರು ಭಾಷೆ ಬತ್ತವೆ ಅಂತ ಮೆರೀತಿದ್ದೆ. ಒಂದು ಮಾತು ಕೇಳಾಕೆ ಬಾಯಿರ್ಲಿಲ್ವೇನೇ?” ಅಂದಳು ಅಮ್ಮ.

“ಇಲ್ಲಿ ಆ ಮೂರೂ ನಡಿಯಲ್ಲಮ್ಮ.”

“ಬುಡ ಕಿತ್ತಿದ್ದೀಯೋ, ಮೇಲೆ ಕೊಯ್ದಿದ್ದೀಯೋ?”

“ಮೇಲೆ.”

“ಅಂಗಾರೆ ನೀರಾಕು. ಅಳ್ತಾ ಕೂತ್ಕಂಡ್ರೆ ಚಿಗುರ್ತವಾ? ಓಗು, ಆಯಮ್ಮನ ಮುಂದೆ ನಿಂತ್ಕೋ.”

ಕೊಡ ಹಿಡಿದು ಹೋದೆ. ದೋನ್ಯಾ ಎಲ್ವಿರಾ ಕೊಡ ನೋಡಿದರು, ನನ್ನನ್ನು ನೋಡಿದರು. “ಊರಲ್ಲಿ ಯಾರಿಗೂ ಹೇಳಬೇಡ, ಮಿಹಾ. ನಮ್ಮ ಹಸು ರಾಷ್ಟ್ರೀಯ ಮರವನ್ನೇ ತಿಂದಿದೆ,” ಎಂದು ಬೇಲಿಯ ಬಾಗಿಲು ತೆರೆದರು. ಉಳಿದ ಮಾತು ಆಮೇಲೆ ಗಂಡ ಬಿಡಿಸಿ ಹೇಳಿದ್ದು; ಆ ದಿನ ನನಗೆ ತಿಳಿದದ್ದು ‘ಮಿಹಾ’ ಒಂದೇ. ಅದರ ಅರ್ಥ ‘ಮಗಳೇ’.

ಇದಾಗಿ ಹನ್ನೊಂದು ತಿಂಗಳು. ಇಪ್ಪತ್ತಾರು ಸಸಿಗಳಲ್ಲಿ ಹದಿನೇಳು ಚಿಗುರಿವೆ. ಖಾಲಿ ಉಳಿದ ಒಂಬತ್ತು ಗುಂಡಿಗಳಿಗೆ ಬೀಜ ಹಾಕಿದ್ದೇನೆ. ನೀರು ಹಾಕುವ ಕೆಲಸ ನನ್ನದು. ಮಡಿಸಿಟ್ಟ ಬಟ್ಟೆ ಅಂದೇ ಗೂಟಕ್ಕೆ ಮರಳಿತು.

“ಯಾವಾಗ ಬತ್ತೀಯೇ?” ಎಂದು ಅಮ್ಮ ನಿನ್ನೆ ಕೇಳಿದಳು.

“ಬೀಜ ಇನ್ನೂ ಮೊಳೆತಿಲ್ಲಮ್ಮ.”

“ಸರಿ ಬಿಡು. ನಾನಿಲ್ಲಿ ಹಸು ಕಾಯ್ತೀನಿ, ನೀನಲ್ಲಿ ಹಸು ಬರ್ದಂಗೆ ಕಾಯಿ.”

ಆದರೆ ಅಮ್ಮ ಫೋನ್ ಇಡಲಿಲ್ಲ. ಹಾಲು ಬಕೆಟ್ಟಿಗೆ ಬೀಳುವ ಸದ್ದು ಕ್ಯಾಸಂಬಳ್ಳಿಯಿಂದ ಕೇಳುತ್ತಲೇ ಇತ್ತು. ನಾನು ಒಂಬತ್ತು ಗುಂಡಿಗಳಿಗೂ ನೀರು ಹಾಕಿ ಮುಗಿಸಿದೆ.