ಸಂಗಮದ ಮರಳಿನಲ್ಲಿ ರಿವರ್ಸ್ ಗೇರು

ಅವತ್ತು ನಾನು ಹಿಂದೆ ನೋಡಲಿಲ್ಲ, ರೂಪಾ. 'ನೋಡಿದೆ, ಯಾರೂ ಇರಲಿಲ್ಲ' ಎಂದು ಪೊಲೀಸರ ಮುಂದೆ ಹೇಳಿದ್ದು ಸುಳ್ಳು. ನಿನ್ನ ಅಪ್ಪ ಸಿದ್ದರಾಜು ಕಾಲು ಕಳೆದುಕೊಂಡದ್ದು ತಮ್ಮ ಅಜಾಗರೂಕತೆಯಿಂದಲ್ಲ, ನನ್ನಿಂದ. ಐದು ವರ್ಷದಿಂದ ಇದು ಗೊತ್ತಿರುವುದು ನನಗೊಬ್ಬಳಿಗೇ. ಅವನು, ಇವನು ಎಂದೇ ಅವರನ್ನು ಕರೆದು ರೂಢಿ ನನಗೆ. ಇಲ್ಲಿ ಅವರು ಎಂದು ಬರೆಯುತ್ತಿದ್ದೇನೆ — ತಡವಾಗಿ, ಗೊತ್ತು.

ನಿನಗೆ ನಾನು 'ಮಿಸ್'. ನಮ್ಮ ಮನೆಯ ಡೈನಿಂಗ್ ಟೇಬಲ್ಲಿನಲ್ಲಿ ಕೂತು ಇಂಗ್ಲಿಷ್ ಗ್ರಾಮರ್ ಕಲಿತವಳು ನೀನು. ಕಾನ್ವೆಂಟಿನಲ್ಲಿ ಓದಿ, ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಸೈನ್ಸ್ ಹೇಳಿಕೊಟ್ಟವಳು ನಾನು. ಗ್ರಹಣದ ದಿನ ಬೇಕೆಂದೇ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಬಿಸ್ಕತ್ತು ತಿನ್ನುತ್ತಿದ್ದೆ. "ಎವಿಡೆನ್ಸ್, ಗರ್ಲ್ಸ್, ಎವಿಡೆನ್ಸ್!" ಎಂದು ಬೋರ್ಡಿಗೆ ಚಾಕ್‌ಪೀಸ್ ಕುಟ್ಟುತ್ತಿದ್ದೆ. ಇದನ್ನು ಹೇಳಿಕೊಳ್ಳುವುದು ಜಂಬಕ್ಕಲ್ಲ. ಆ ಸುಳ್ಳು ಎಲ್ಲಿಂದ ಬಂತು ಎಂಬುದಕ್ಕೆ ಇದು ಬೇಕು.

ನನ್ನನ್ನು ಸಾಕಿ ಬೆಳೆಸಿದ ಅಕ್ಕ ತೀರಿಕೊಂಡ ಮೇಲೆ ಅವಳ ಅಸ್ಥಿ ಬಿಡಲು ನರಸೀಪುರದ ಸಂಗಮಕ್ಕೆ ಹೊರಟೆವು — ಅಕ್ಕನ ಮಗ ಮೋಹನ, ಪುರೋಹಿತರು, ಗಾಡಿ ಓಡಿಸಲು ನಿನ್ನ ಅಪ್ಪ, ಮತ್ತು ನಾನು. ಹೆಂಗಸರು ಬರುವ ಹಾಗಿಲ್ಲ ಎಂದರು ಪುರೋಹಿತರು. "ನಾನ್ಸೆನ್ಸ್" ಎಂದೆ ನಾನು. ಅವರು ವಾದ ಮಾಡಲಿಲ್ಲ. "ಬನ್ನಿ. ಆದ್ರೆ ಬಿಟ್ಟು ಬಂದ ಮೇಲೆ ನೀರಿನ ಕಡೆ ತಿರುಗಿ ನೋಡಬಾರದು ಕಣ್ರೀ. ನೋಡಿದ್ರೆ ಹೋಗೋ ಜೀವ ನಿಲ್ಲುತ್ತೆ" ಎಂದರು. ನಾನು ನಕ್ಕುಬಿಟ್ಟೆ.

ಬೇಸಿಗೆ. ನದಿ ಸಣಕಲಾಗಿ ದೂರ ಸರಿದಿತ್ತು. ನಡುವೆ ಬರೀ ಮರಳು. ನನ್ನ ಮಂಡಿಗೆ ಅಷ್ಟು ದೂರ ಆಗದು. ಮೋಹನನಿಗೆ ತನ್ನ ಹೊಸ ಗಾಡಿಯ ಮೇಲೆ ಬಲು ಹೆಮ್ಮೆ. "ಫೋರ್ ವ್ಹೀಲ್ ಡ್ರೈವ್ ಇರೋದು ಯಾತಕ್ಕೆ ಸಿದ್ದರಾಜು? ಸ್ಯಾಂಡ್ ಮೋಡ್ ಅಂತ ಬಟನ್ನೇ ಕೊಟ್ಟಿದಾನೆ. ನೀರಿನ ತನಕ ಬಿಡು."

ನಿನ್ನ ಅಪ್ಪ ಇಳಿದು ಮರಳನ್ನು ಕಾಲಿನಿಂದ ಒತ್ತಿ ನೋಡಿದರು. ಹರೆಯದಲ್ಲಿ ಮರಳು ಲಾರಿ ಓಡಿಸಿದ್ದವರು ಅವರು. "ಮರಳಿಗೆ ಬಟನ್ ಗೊತ್ತಾಯ್ತದಾ ಸಾಮಿ? ಮ್ಯಾಲೆ ಗಟ್ಟಿ ಇದ್ದಂಗೆ ಕಾಣ್ತದೆ. ಒಳಗೆ ಬರೀ ನೀರು." ಆದರೂ ಕೂತು ನಾಲ್ಕೂ ಟೈರಿನ ಗಾಳಿ ಅರ್ಧದಷ್ಟು ಇಳಿಸಿದರು. ಗಾಳಿ ಕಡಿಮೆಯಿದ್ದರೆ ಟೈರು ಒಂಟೆಯ ಪಾದದ ಹಾಗೆ ಅಗಲವಾಗುತ್ತದಂತೆ, ಹೂತುಕೊಳ್ಳುವುದಿಲ್ಲವಂತೆ. ಬ್ರೇಕ್ ಮುಟ್ಟದೆ, ಸ್ಟೀರಿಂಗ್ ಎಳೆಯದೆ, ಒಂದೇ ಸಮನೆ ತೇಲಿಸಿಕೊಂಡು ಹೋದರು. ನೀರಿನ ಹತ್ತಿರ ದೊಡ್ಡ ಸುತ್ತು ಹಾಕಿ, ಗಾಡಿಯ ಮುಖವನ್ನು ದಡದ ಕಡೆಗೆ ತಿರುಗಿಸಿ ನಿಲ್ಲಿಸಿದರು. ಆಮೇಲೆ ನೇರ ಹೊರಟರಾಯಿತು ಎಂದು. ಅಷ್ಟು ಮುಂದಾಲೋಚನೆಯ ಮನುಷ್ಯ —

ಕರ್ಮ ಮುಗಿಯುವ ಹೊತ್ತಿಗೆ ಗಾಡಿ ನಿಲ್ಲಿಸಿ ಒಂದು ಗಂಟೆ ಮೀರಿತ್ತು. ಅಕ್ಕನ ಬೂದಿ ನೀರಿನಲ್ಲಿ ಸ್ವಲ್ಪ ಹೊತ್ತು ಸುತ್ತಿತು, ಹೋಗಲಿಲ್ಲ, ಆಮೇಲೆ ಹೋಯಿತು. ಕೊನೆಯ ದಿನಗಳಲ್ಲಿ ಅವಳು ಪಟ್ಟದ್ದನ್ನು ನೀನೂ ನೋಡಿದ್ದೀಯ. ಆ ಗಳಿಗೆಯಲ್ಲಿ ನನ್ನೊಳಗಿನ ಸೈನ್ಸ್ ಟೀಚರ್ ಎಲ್ಲಿ ಹೋದಳೋ! ಇವಳು ನಿಲ್ಲದಿರಲಿ, ನನ್ನಿಂದ ನಿಲ್ಲದಿರಲಿ — ಅದೊಂದೇ. ನೆಲ ನೋಡುತ್ತಾ ಬಂದು ಮುಂದಿನ ಸೀಟಿನಲ್ಲಿ ಕೂತೆ. ಪುರೋಹಿತರು ಬೇರೆ ದಿಕ್ಕಿನಲ್ಲಿ ತಮ್ಮ ಮನೆಗೆ ನಡೆದರು. ಮೋಹನ ಒದ್ದೆ ಪಂಚೆಯಲ್ಲಿ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತ.

ಗಾಡಿ ಅಲುಗಲಿಲ್ಲ. ನಿಂತಷ್ಟು ಹೊತ್ತೂ ಅದರ ಭಾರಕ್ಕೆ ಕೆಳಗಿನಿಂದ ನೀರು ಜಿನುಗಿ, ಟೈರಿನ ಸುತ್ತ ಮರಳು ಕಪ್ಪಾಗಿತ್ತು. ನಿನ್ನ ಅಪ್ಪ ಆಕ್ಸಿಲರೇಟರ್ ಒತ್ತಲಿಲ್ಲ. ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ ಎಂದರು. ಮೊದಲು ಒಂದು ಮೊಳ ಹಿಂದಕ್ಕೆ, ಆಮೇಲೆ ಮುಂದಕ್ಕೆ — ಹಾಗೇ ಬರಬೇಕು. ರಿವರ್ಸ್ ಹಾಕಿದರು. ತಕ್ಷಣ ಎದುರಿನ ಸ್ಕ್ರೀನ್ ಬೆಳಗಿತು. ಹಿಂದಿನ ಕ್ಯಾಮೆರಾದಲ್ಲಿ ನದಿ! ನಾನು ಕಣ್ಣು ಮುಚ್ಚಿಕೊಂಡೆ.

ಗಾಡಿ ಹಿಂದಕ್ಕೂ ಬರಲಿಲ್ಲ. "ನಾನು ಹಿಂದಿನ ಗಾಲಿ ಮರಳು ತೆಗೀತೀನಿ. ನೀವು ಸ್ಟೀರಿಂಗ್ ಹಿಡ್ಕಳಿ ಅಮ್ಮಾವ್ರೆ. ಮೋಹನಣ್ಣೋರು ನಡುಗ್ತಾವ್ರೆ, ಅವ್ರ ಕೈಲಾಗಲ್ಲ" ಎಂದರು. ಇಪ್ಪತ್ತನೆಯ ವಯಸ್ಸಿನಿಂದ ಲೈಸೆನ್ಸ್ ಇದ್ದವಳು ನಾನು, ಸೀಟು ಬದಲಿಸಿದೆ. ಅವರು ಕಿಟಕಿಯಲ್ಲಿ ಬಗ್ಗಿ ನಿಧಾನವಾಗಿ ಹೇಳಿದರು, "ನಾನು ಈ ಬಲಗಡೆ ಬಂದು ನಿಂತು ಕನ್ನಡೀಲಿ ಕೈ ತೋರಿಸ್ತೀನಿ. ಕೈ ಕಂಡ ಮ್ಯಾಲೇ ಹಾಕಿ. ಅಲ್ಲೀಗಂಟ ಸುಮ್ಕೆ ಇದ್ದುಬುಡಿ."

"ಆಲ್ ರೈಟ್" ಎಂದೆ.

ಅವರು ಹಿಂದೆ ಹೋದರು. ಬಲಗನ್ನಡಿಯಲ್ಲಿ ನೀರು ಹೊಳೆಯುತ್ತಿತ್ತು. ನಾನು ಬಟನ್ ಒತ್ತಿ ಕನ್ನಡಿಗಳನ್ನು ಮಡಿಸಿದೆ. ಒಳಗಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದೆ. ಕರ್ಚೀಫನ್ನು ಬಿಡಿಸಿ ಸ್ಕ್ರೀನಿನ ಮೇಲೆ ಹೊದಿಸಿದೆ. ಇಷ್ಟನ್ನೂ ಶ್ರದ್ಧೆಯಿಂದ, ದೇವರ ಮುಂದೆ ಮಾಡುವ ಹಾಗೆ ಮಾಡಿದೆ, ರೂಪಾ. ಅವರ ಕೈ ಇನ್ನು ಹೇಗೆ ಕಾಣುತ್ತದೆ ಎಂಬ ಯೋಚನೆ — ಬಂತೇ? ಬಂದಿರಬೇಕು. ಬಂದದ್ದನ್ನು ತಳ್ಳಿದೆನೇನೋ. ಇಲ್ಲಿ ಮಾತ್ರ ನನಗೆ ನಿಜ ಗೊತ್ತಿಲ್ಲ.

ಗುದ್ದಲಿಯಿರಲಿಲ್ಲ, ಅಂಗೈಯಲ್ಲೇ ಮರಳು ಬಗೆಯುವ ಸದ್ದು ಕೇಳುತ್ತಿತ್ತು. ಆಮೇಲೆ ಕೇಳಿಸಲಿಲ್ಲ. ಗಾಡಿ ಎಡಕ್ಕೆ ಇನ್ನೂ ಒಂದಿಷ್ಟು ಕುಸಿಯಿತು. "ಚಿಕ್ಕಮ್ಮಾ, ಇನ್ನೂ ಎಷ್ಟೊತ್ತು" ಎಂದ ಮೋಹನ ತಲೆಯೆತ್ತದೆ. ಸದ್ದು ನಿಂತಿದೆ, ಅಂದರೆ ಮುಗಿದಿದೆ, ಬಲಗಡೆ ನಿಂತಿದ್ದಾರೆ, ಕೈ ತೋರಿಸುತ್ತಿದ್ದಾರೆ — ಹಾಗೆಂದು ನಾನೇ ತೀರ್ಮಾನಿಸಿದೆ. ರಿವರ್ಸ್ ಹಾಕಿದೆ.

ಬೀಪ್ ಶುರುವಾಯಿತು. ಹಿಂದೆ ಏನಾದರೂ ಅಡ್ಡವಿದ್ದರೆ ಕೂಗುವ ಬೀಪ್. ಮೊದಲು ಬಿಟ್ಟು ಬಿಟ್ಟು, ಆಮೇಲೆ ಒಂದೇ ಎಳೆಯಾಗಿ. ಮರಳ ಗುಡ್ಡೆಯಿರಬೇಕು ಎಂದುಕೊಂಡೆ. ಆಕ್ಸಿಲರೇಟರ್ ಒತ್ತಿದೆ. ಗಾಡಿ ಮೆತ್ತಗೆ, ಎಷ್ಟು ಸಲೀಸಾಗಿ ಎಂದರೆ, ಹಿಂದಕ್ಕೆ ಹತ್ತಿತು.

ನಿನ್ನ ಅಪ್ಪ ಬೋರಲು ಮಲಗಿ, ಹಿಂದಿನ ಎಡ ಚಕ್ರದ ಅಡಿಗೆ, ಹಿಡಿತ ಸಿಗಲೆಂದು, ಗಾಡಿಯ ಮ್ಯಾಟ್ ತುರುಕುತ್ತಿದ್ದರು.

ಅವರ ಕೂಗು ಕೇಳಿ ಬ್ರೇಕ್ ಹಾಕಿದೆ. ಮೋಹನ ಬಾಗಿಲು ತೆಗೆದು ಓಡಿದ. ನಾನು ಇಳಿಯಲಿಲ್ಲ. ಈಗ ಬರೆಯುವುದನ್ನು ಯಾರಿಗೂ ಹೇಳಿಲ್ಲ. ನನ್ನ ಕೈ ಮೊದಲು ಹೋದದ್ದು ಕರ್ಚೀಫಿಗೆ. ಅದನ್ನು ತೆಗೆದು ಬ್ಲೌಸಿನೊಳಗೆ ಇಟ್ಟೆ. ಕನ್ನಡಿಗಳನ್ನು ಬಿಡಿಸಿದೆ. ಒಳಗಿನದನ್ನು ಸರಿಯಾಗಿ ತಿರುಗಿಸಿದೆ. ಆಮೇಲೆ ಇಳಿದೆ. ಅಷ್ಟು ಹೊತ್ತೂ ಅವರು ಕೂಗುತ್ತಲೇ ಇದ್ದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಪೊಲೀಸಿನವರು ಕೈಕಟ್ಟಿ ನಿಂತೇ ಕೇಳಿದರು, "ಮೇಡಂ, ರಿವರ್ಸ್ ತಗೊಳೋವಾಗ ಹಿಂದೆ ನೋಡಿದ್ರಾ?"

ಕಾನ್ವೆಂಟಿನವಳು, ಸೈನ್ಸ್ ಮೇಡಂ, ತನ್ನ ಅಕ್ಕನ ಆತ್ಮ ನಿಂತೀತೆಂದು ಕನ್ನಡಿ ಮಡಿಸಿದ್ದಳು — ಇದನ್ನು ಹೇಗೆ ಹೇಳಲಿ? ಜೈಲಿಗಿಂತ ಜನರ ನಗುವಿಗೆ ಹೆದರಿದೆ. ಕಾರಣ ನಿಜವಾಗಿ ಅಷ್ಟೇ, ಅಷ್ಟು ಸಣ್ಣದು. "ಐ ಲುಕ್ಡ್. ದೇರ್ ವಾಸ್ ನೋಬಡಿ" ಎಂದೆ. ನನ್ನ ಇಂಗ್ಲಿಷಿಗೆ ಅವರು ತಲೆದೂಗಿ ಬರೆದುಕೊಂಡರು. ಮುಂದಿನದು ತಾನಾಗಿ ನಡೆಯಿತು: ಡ್ರೈವರು ಹೇಳದೆ ಕೇಳದೆ ಗಾಲಿಯ ಅಡಿಗೆ ಹೋಗಿದ್ದಾನೆ, ಪಾಪ, ಮೇಡಂ ಏನು ಮಾಡುತ್ತಾರೆ?

ಇನ್ನೂ ಒಂದಿದೆ. ಮಂಡಿಯ ಕೆಳಗೆ ಕಾಲು ತೆಗೆದ ಮೂರನೆಯ ದಿನ ನಿನ್ನ ಅಪ್ಪ ನನ್ನನ್ನೇ ಕೇಳಿದರು, "ಅಮ್ಮಾವ್ರೆ, ನಾನು ಕೈ ತೋರಿಸಿದ್ದು ನಂಗೆ ಗ್ಯಾಪಕ ಇಲ್ಲ. ತೋರಿಸಿದ್ನಾ?"

ಆ ಮುಖ ನೋಡಿಕೊಂಡೇ ಹೇಳಿದೆ, "ತೋರಿಸಿದೆ ಸಿದ್ದರಾಜು. ಆಮೇಲೆ ಮತ್ತೆ ಯಾಕೆ ಹಿಂದೆ ಹೋದೆಯೋ."

ಅವರ ಕಾಲನ್ನು ತೆಗೆದದ್ದು ಆತುರ ಎನ್ನಬಹುದು. ಅವರ ನೆನಪನ್ನು ಮಾತ್ರ ಬೇಕೆಂದೇ ತೆಗೆದೆ.

ಹೋದ ವಾರ ನೀನು ಲ್ಯಾಬಿನಿಂದ ನನ್ನ ರಕ್ತ ತೆಗೆಯಲು ಬಂದೆ. "ಕೈ ಸಡಿಲ ಬುಡಿ ಮಿಸ್, ಎಲ್ಕೇಜಿ ಮಕ್ಕಳೇ ವಾಸಿ" ಎಂದು ರೇಗಿಸಿದೆ. ಅಪ್ಪ ಹೇಗಿದ್ದಾರೆ ಎಂದು ನಾನು ಕೇಳಿದೆ. ಸೂಜಿ ಚುಚ್ಚುತ್ತಲೇ ಹೇಳಿದೆ ನೀನು, "ಎದುರುಮನೆಯೋರು ಕಾರು ತಗೊಂಡವ್ರೆ ಮಿಸ್. ಅಪ್ಪ ಏನೋ ಬುದ್ಧಿ ಹೇಳಕ್ಕೋದ್ರೆ, ಗಾಲಿ ಅಡಿ ಕಾಲಿಟ್ಟೋನು ನಮಗೆ ಹೇಳ್ಕೊಡ್ತಾನೆ ಅಂತ ಬೀದಿ ತುಂಬ ನಕ್ರು. ನಂಗೂ ಸಿಟ್ಟು ಬಂದ್ಬುಡ್ತು. ಅಲ್ಲಾ, ಮೂವತ್ತು ವರ್ಷ ಓಡ್ಸಿದೋರಿಗೆ ಅಷ್ಟೂ ಗೊತ್ತಾಗ್ಬೇಡ್ವಾ ಅಂತ ನಾನೇ ಬೈದೆ. ನಂದೇ ತಪ್ಪು ಕಣವ್ವಾ ಅಂದ್ರು. ಅವತ್ತು ಊಟಕ್ಕೇ ಏಳಲಿಲ್ಲ."

ನಾನು ಹತ್ತಿಯನ್ನು ಒತ್ತಿ ಹಿಡಿದು ಕೂತಿದ್ದೆ. ಆಗಲೇ ಹೇಳಬಹುದಿತ್ತು. "ಕಾಫಿ ಕುಡಿದು ಹೋಗು" ಎಂದೆ.

ಇಲ್ಲಿಯವರೆಗೆ ಬರೆದದ್ದರ ಒಂದು ಪ್ರತಿಯನ್ನು ನಿನ್ನೆ ಪೊಲೀಸ್ ಸ್ಟೇಷನ್ನಿಗೆ ಕೊಟ್ಟು ಸಹಿ ಮಾಡಿ ಬಂದೆ. ಇನ್ನೊಂದನ್ನು ಮೋಹನ ಓದಿದ. ಬೋಗಾದಿಯ ತನ್ನ ಮನೆಗೆ ಸದ್ಯಕ್ಕೆ ಬರಬೇಡಿ ಎಂದ. ನ್ಯಾಯವೇ. ಇದು ನಿನ್ನ ಪ್ರತಿ, ಆದರೆ ಪೋಸ್ಟ್ ಮಾಡುವುದಿಲ್ಲ. ಭಾನುವಾರ ಬೆಳಿಗ್ಗೆ, ಲಷ್ಕರ್ ಮೊಹಲ್ಲಾದ ನಿಮ್ಮ ಬೀದಿಯವರೆಲ್ಲ ಬಾಗಿಲಲ್ಲಿರುವ ಹೊತ್ತಿಗೆ ಬರುತ್ತೇನೆ. ನೀನು ಒಳಗೆ ಬಿಡದಿದ್ದರೆ ಹೊರಗೆ ನಿಂತೇ ಓದುತ್ತೇನೆ, ಎದುರುಮನೆಯವರಿಗೂ ಕೇಳುವ ಹಾಗೆ. ನಿನ್ನ ಅಪ್ಪ ಒಳ್ಳೆಯವರು, "ಬುಡಿ ಅಮ್ಮಾವ್ರೆ" ಎಂದು ನಡುವೆಯೇ ತಡೆದಾರು. ನಾನು ನಿಲ್ಲಿಸುವುದಿಲ್ಲ. ಓದಿ ಮುಗಿಸಿದ ಮೇಲೆ ಅವರು ಸುಮ್ಮನಿದ್ದರೆ, ಕ್ಷಮಿಸಿದರು ಎಂದು ತಿಳಿದುಕೊಳ್ಳುವುದೂ ಇಲ್ಲ.